ಉಪ್ಪು ಕಾಣುವ ಮೊದಲೇ

ಬಂಗುಡೆ ಪುಳಿಮುಂಚಿಗೆ ಉಪ್ಪು ಹಾಕುವುದನ್ನು ಮರೆತರೆ ಸಾರು ಸಪ್ಪೆ. ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಆ ಬಂಗುಡೆ ಮೊಟ್ಟೆಯೊಡೆದು ಬಂದ ಗಳಿಗೆಯಿಂದ ಬಲೆಗೆ ಬೀಳುವ ತನಕ ಲೀಟರಿಗೆ 35 ಗ್ರಾಂ ಲವಣವಿರುವ ನೀರಿನಲ್ಲೇ ಇತ್ತು. ಅದನ್ನೇ ಕುಡಿಯಿತು, ಅದರಲ್ಲೇ ಉಸಿರಾಡಿತು. ಇಷ್ಟಾದರೂ ಮೈಗೆ ಉಪ್ಪು ಹತ್ತಲಿಲ್ಲ. ಮೂಳೆಯಿರುವ ಕಡಲ ಮೀನುಗಳ ರಕ್ತದಲ್ಲಿ ಲವಣದ ಪ್ರಮಾಣ ಸಮುದ್ರದ ನೀರಿನ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಕಾವೇರಿಯ ಕಾಟ್ಲಾದ ರಕ್ತ ಪರೀಕ್ಷಿಸಿದರೂ ಉತ್ತರ ಅದರಿಂದ ಬಹಳ ದೂರವೇನಿಲ್ಲ. ಹೊರಗಿನ ನೀರು ಯಾವುದಾದರೂ ಇರಲಿ, ಒಳಗಿನ ನೀರು ಹೆಚ್ಚುಕಡಿಮೆ ಒಂದೇ.

ವಿಜ್ಞಾನಿಗಳು ಇದನ್ನು ಮಿಲಿಆಸ್ಮೋಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಮುದ್ರದ ನೀರು 1000ದ ಆಸುಪಾಸು, ಮೀನಿನ ರಕ್ತ 300ರ ಆಸುಪಾಸು, ಬೆಟ್ಟದಿಂದ ಇಳಿಯುವ ತೊರೆಯ ನೀರು 10ಕ್ಕೂ ಕಡಿಮೆ. ನದಿಯ ಮೀನಿಗೆ ಹೊರಗಿನ ನೀರು ಒಳಗೆ ನುಗ್ಗುವ ಕಾಟ, ಕಡಲ ಮೀನಿಗೆ ಒಳಗಿನ ನೀರು ಹೊರಗೆ ಸೋರಿಹೋಗುವ ಕಾಟ. ಎತ್ತು ಏರಿಗೆ, ಕೋಣ ನೀರಿಗೆ. ಮೀನುಗಳಲ್ಲಿ ಬಹುಪಾಲು ಜಾತಿಗಳು ಇವೆರಡರಲ್ಲಿ ಒಂದು ಕಾಟವನ್ನು ಮಾತ್ರ ಒಪ್ಪಿಕೊಂಡು ಬದುಕು ಮುಗಿಸುತ್ತವೆ. ಅಟ್ಲಾಂಟಿಕ್ ಸಾಲ್ಮನ್ ಮರಿ ಹಾಗಲ್ಲ. ನಾರ್ವೆ, ಸ್ಕಾಟ್ಲೆಂಡ್, ಐರ್ಲೆಂಡ್, ಕೆನಡಾದ ತಣ್ಣನೆಯ ನದಿಗಳಲ್ಲಿ ಹುಟ್ಟಿ, ಒಂದರಿಂದ ಏಳೆಂಟು ವರ್ಷ ಸಿಹಿನೀರಿನಲ್ಲೇ ಬೆಳೆದು, ಒಂದು ವಸಂತದಲ್ಲಿ ಅದು ಕಡಲಿಗೆ ಹೊರಡುತ್ತದೆ. ಅಳಿವೆ ದಾಟುವಾಗ ಅದರ ಉದ್ದ ಒಂದು ಗೇಣಿಗಿಂತ ಕಡಿಮೆ, ತೂಕ ಸುಮಾರು 30 ಗ್ರಾಂ.

ಈ ದಾಟುವಿಕೆ ನಡೆಯುವ ಜಾಗ ಎಷ್ಟು ತೆಳುವಾದದ್ದು ಎಂದು ಮೊದಲು ನೋಡಬೇಕು. ಉಸಿರಾಡಲು ಮೀನಿಗೆ ಕಿವಿರು ಬೇಕು, ಕಿವಿರಿನಲ್ಲಿ ರಕ್ತ ನೀರಿಗೆ ಆದಷ್ಟು ಹತ್ತಿರ ಹರಿಯಬೇಕು. ಸಾಲ್ಮನ್ನಿನ ಹತ್ತಿರದ ನೆಂಟನಾದ ರೇನ್‌ಬೋ ಟ್ರೌಟ್‌ನಲ್ಲಿ ರಕ್ತಕ್ಕೂ ಹೊರಗಿನ ನೀರಿಗೂ ನಡುವಿನ ಗೋಡೆ ಸುಮಾರು 6 ಮೈಕ್ರೋಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲು. ಆಮ್ಲಜನಕ ಸಲೀಸಾಗಿ ದಾಟಲಿ ಎಂದು ಇಷ್ಟು ತೆಳುವಾಗಿರುವ ಗೋಡೆಯನ್ನು ನೀರೂ ಉಪ್ಪೂ ದಾಟಲು ನೋಡುತ್ತವೆ. ನದಿಯಲ್ಲಿ ನೀರು ಒಳಗೆ ನುಗ್ಗುವ ಒತ್ತಡವನ್ನು ಲೆಕ್ಕ ಹಾಕಿದರೆ ಸುಮಾರು 7 ವಾಯುಭಾರ ಬರುತ್ತದೆ, 70 ಮೀಟರ್ ನೀರಿನ ಕಂಬ ನೆತ್ತಿಯ ಮೇಲೆ ನಿಂತ ಹಾಗೆ. ಕಡಲಿಗೆ ಇಳಿದೊಡನೆ ದಿಕ್ಕು ತಿರುಗಿ, ಸೆಳೆತ ಸುಮಾರು 16 ವಾಯುಭಾರಕ್ಕೆ ಏರುತ್ತದೆ. ಜೋಗದ ರಾಜಾ ಜಲಪಾತ 253 ಮೀಟರ್. ಅದರ ಮೂರರಲ್ಲಿ ಎರಡು ಪಾಲು ಎತ್ತರದ ನೀರಿನ ಕಂಬ ಬೇಕು ಈ ಸೆಳೆತವನ್ನು ತಡೆದು ನಿಲ್ಲಿಸಲು. ಕೂದಲಿಗಿಂತ ತೆಳುವಾದ ಗೋಡೆಯ ಒಂದು ಬದಿಯಲ್ಲಿ ಇದು ದಿನವಿಡೀ ನಡೆಯುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ರಕ್ತ ಏನೂ ಆಗದಂತೆ ಹರಿಯುತ್ತಿರುತ್ತದೆ.

ನದಿಯಲ್ಲಿದ್ದಾಗ ಮರಿಯ ಉಪಾಯ ಸರಳ. ಅದು ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ನುಗ್ಗಿದ ನೀರನ್ನು ಮೂತ್ರಪಿಂಡ ತೆಳುವಾದ ಮೂತ್ರವಾಗಿ ಹೊರಗೆ ಚೆಲ್ಲುತ್ತಿರುತ್ತದೆ. ಟ್ರೌಟ್‌ಗಳಲ್ಲಿ ಅಳೆದಂತೆ ಇದು ದಿನಕ್ಕೆ ಮೈತೂಕದ ಹತ್ತರಲ್ಲೊಂದು ಪಾಲಿನ ಹತ್ತಿರ ಬರುತ್ತದೆ. ಮೂತ್ರದ ಜೊತೆ ತುಸು ಉಪ್ಪೂ ಹೋಗುತ್ತದಲ್ಲ, ಆ ನಷ್ಟವನ್ನು ಕಿವಿರಿನ ಕೋಶಗಳು ತುಂಬಿಕೊಡಬೇಕು. ತೊರೆಯ ನೀರಿನಲ್ಲಿ ಸೋಡಿಯಂ ಲೀಟರಿಗೆ 1 ಮಿಲಿಮೋಲ್ ಕೂಡ ಇರುವುದಿಲ್ಲ, ರಕ್ತದಲ್ಲಿ 150. ಆ ಬಡನೀರಿನಿಂದ ಒಂದೊಂದೇ ಅಯಾನನ್ನು ಹೆಕ್ಕಿ ಒಳಗೆ ಎಳೆದುಕೊಳ್ಳುವ ಜಿಪುಣ ಕೆಲಸ ಅದು.

ಕಡಲಿನಲ್ಲಿ ಸೋಡಿಯಂ ಲೀಟರಿಗೆ ಸುಮಾರು 470 ಮಿಲಿಮೋಲ್, ಕ್ಲೋರೈಡ್ 550. ನಿನ್ನೆಯವರೆಗೆ ಹೆಕ್ಕಿ ತರುತ್ತಿದ್ದ ವಸ್ತು ಇಂದು ಐನೂರು ಪಟ್ಟು ಹೆಚ್ಚಾಗಿ ಮೇಲೆ ಬಂದು ಬೀಳುತ್ತದೆ. ಮೈಯ ನೀರು ಸೋರುತ್ತಿರುವುದರಿಂದ ಮರಿ ಕುಡಿಯಲೇಬೇಕು, ಕುಡಿಯಲು ಇರುವುದು ಕಡಲೊಂದೇ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತದೆ ಗಾದೆ. ಇಲ್ಲಿ ನೀರು ಕುಡಿದದ್ದಕ್ಕೆ ಉಪ್ಪನ್ನು ಉಗುಳಬೇಕು. ಮೂತ್ರದಲ್ಲಿ ಕಳಿಸೋಣವೆಂದರೆ ಮೀನಿನ ಮೂತ್ರಪಿಂಡಕ್ಕೆ ರಕ್ತಕ್ಕಿಂತ ಗಟ್ಟಿಯಾದ ಮೂತ್ರ ತಯಾರಿಸುವ ಶಕ್ತಿಯೇ ಇಲ್ಲ. ಮನುಷ್ಯನ ಮೂತ್ರಪಿಂಡಕ್ಕೆ ಆ ಶಕ್ತಿ ಸ್ವಲ್ಪ ಇದೆ, ಆದರೂ ಕಡಲ ನೀರು ಕುಡಿದ ನಾವಿಕ ಬದುಕುವುದಿಲ್ಲ. ಮೀನು ಬದುಕುತ್ತದೆ, ಏಕೆಂದರೆ ಉಪ್ಪನ್ನು ಹೊರಹಾಕುವ ಕೆಲಸವನ್ನು ಅದು ಮೂತ್ರಪಿಂಡಕ್ಕೆ ಒಪ್ಪಿಸಿಲ್ಲ, ಕಿವಿರಿಗೆ ಒಪ್ಪಿಸಿದೆ.

ಎಷ್ಟು ಉಪ್ಪು? 30 ಗ್ರಾಂ ತೂಗುವ ಮರಿ ದಿನಕ್ಕೆ ಮೈತೂಕದ ಹತ್ತರಲ್ಲೊಂದು ಪಾಲು ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಅದು 3 ಮಿಲಿಲೀಟರ್, ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು. ಅದರಲ್ಲಿರುವ ಲವಣ 0.1 ಗ್ರಾಂ, ಬೆರಳ ತುದಿಗೆ ಅಂಟುವಷ್ಟು. ಇಷ್ಟೇನಾ ಅನ್ನಬೇಡಿ. ಆ ಮೂರು ಮಿಲಿಲೀಟರ್‌ನಲ್ಲಿರುವ ಕ್ಲೋರೈಡ್ ಅಯಾನುಗಳನ್ನು ಎಣಿಸಿದರೆ ಒಂದರ ಮುಂದೆ 21 ಸೊನ್ನೆ. ಕೋಟಿಯ ಲೆಕ್ಕದಲ್ಲಿ ಹೇಳುವುದಾದರೆ, ದಿನದ ಪ್ರತಿ ಸೆಕೆಂಡಿಗೂ ನೂರು ಕೋಟಿ ಕೋಟಿಗಿಂತ ಹೆಚ್ಚು ಅಯಾನುಗಳು ಕಿವಿರಿನಿಂದ ಹೊರಗೆ ಹೋಗಬೇಕು. ಕುಡಿದ ನೀರಿನ ಬಾಬತ್ತು ಮಾತ್ರ ಇದು. ಕಿವಿರಿನ ಗೋಡೆಯ ಮೂಲಕ ತಾನಾಗಿ ಒಳನುಸುಳುವ ಉಪ್ಪನ್ನು ಇದರಲ್ಲಿ ಸೇರಿಸಿಲ್ಲ.

ಈ ಕೆಲಸ ಮಾಡುವ ಯಂತ್ರ ಒಂದು ಪ್ರೋಟೀನು: ಸೋಡಿಯಂ–ಪೊಟ್ಯಾಸಿಯಂ ಪಂಪು. ಒಂದು ಸಲ ತಿರುಗಿದರೆ ಅದು ಮೂರು ಸೋಡಿಯಂ ಅಯಾನುಗಳನ್ನು ಕೋಶದಿಂದ ಆಚೆ ತಳ್ಳಿ, ಎರಡು ಪೊಟ್ಯಾಸಿಯಂ ಒಳಗೆಳೆಯುತ್ತದೆ. ಅದಕ್ಕೆ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾಗುತ್ತದೆ. ಹೀಗೆ ಉಂಟಾದ ಸೋಡಿಯಂ ಕೊರತೆಯ ಸೆಳೆತವನ್ನೇ ಬಳಸಿಕೊಂಡು ಇನ್ನೊಂದು ಪ್ರೋಟೀನು ರಕ್ತದ ಕಡೆಯಿಂದ ಕ್ಲೋರೈಡನ್ನು ಜೋಡಿ ಜೋಡಿಯಾಗಿ ಕೋಶದೊಳಕ್ಕೆ ತರುತ್ತದೆ; ಪಂಪಿನ ಒಂದು ಸುತ್ತಿಗೆ ಆರು ಕ್ಲೋರೈಡ್. ನೀರಿನ ಕಡೆಯ ಬಾಗಿಲು ತೆರೆದು ಕ್ಲೋರೈಡ್ ಆಚೆ ಹೋಗುತ್ತದೆ, ಅದರ ಬೆನ್ನು ಹತ್ತಿ ಸೋಡಿಯಂ ಕೋಶಗಳ ಸಂದಿಯಲ್ಲಿ ನುಸುಳಿ ಹೊರಡುತ್ತದೆ. ಒಂದು ಪಂಪು ಸೆಕೆಂಡಿಗೆ ಇಪ್ಪತ್ತು ಸಲ ತಿರುಗುತ್ತದೆ ಎಂದರೂ, ಅರ್ಧ ಚಮಚ ಕಡಲು ಕುಡಿದ ಈ ಮರಿಯ ಕಿವಿರಿನಲ್ಲಿ ಸುಮಾರು ಒಂದು ಕೋಟಿ ಕೋಟಿ ಪಂಪುಗಳು ಬಿಡುವಿಲ್ಲದೆ ದುಡಿಯಬೇಕು. ನೀರಿನ ಕಡೆಯ ಆ ಬಾಗಿಲು ನಮಗೂ ಗುರುತಿರುವಂಥದ್ದೇ. ಮನುಷ್ಯರಲ್ಲಿ ಅದಕ್ಕೆ ಸಂವಾದಿಯಾದ ಜೀನ್ ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಬರುತ್ತದೆ, ಅಂಥ ಮಕ್ಕಳ ಬೆವರು ವಿಪರೀತ ಉಪ್ಪಾಗಿರುತ್ತದೆ.

ಇಷ್ಟನ್ನು ತಿಳಿಯಲು ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು. ಕಡಲ ಮೀನು ನೀರು ಕುಡಿಯುತ್ತದೆ ಎಂಬುದನ್ನೇ ಅಮೆರಿಕದ ಹೋಮರ್ ಸ್ಮಿತ್ 1930ರಲ್ಲಿ ತೋರಿಸಬೇಕಾಯಿತು. ನೀರಿಗೆ ಫೀನಾಲ್ ರೆಡ್ ಎಂಬ ಬಣ್ಣ ಬೆರೆಸಿದರು, ಅದು ಮೀನಿನ ಕರುಳಿನಲ್ಲಿ ಗಟ್ಟಿಯಾಗಿ ಉಳಿದದ್ದನ್ನು ಕಂಡರು. ಉಪ್ಪು ಉಗುಳುವ ಕೋಶಗಳು ಈಲ್ ಮೀನಿನ ಕಿವಿರಿನಲ್ಲಿವೆ ಎಂದು 1932ರಲ್ಲಿ ಬರೆದ ಇಬ್ಬರಲ್ಲಿ ಒಬ್ಬರು ಆನ್ಸೆಲ್ ಕೀಸ್. ಮುಂದೆ ಅಮೆರಿಕದ ಸೈನಿಕರ ‘ಕೆ ರೇಷನ್’ ಊಟದ ಪೊಟ್ಟಣಕ್ಕೂ ಕೊಬ್ಬು–ಹೃದ್ರೋಗದ ವಾದಕ್ಕೂ ಹೆಸರಾದ ಕೀಸ್ ಇವರೇ. ಪಂಪನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೂ 1957ರಲ್ಲಿ ಏಡಿಯ ಕಾಲಿನ ನರದಲ್ಲಿ ಕಂಡುಹಿಡಿದರು; ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷದ ನಂತರ. ಕೀಸ್ ಹೇಳಿದ ಕೋಶವೇ ಉಪ್ಪು ಉಗುಳುತ್ತದೆ ಎಂಬುದಕ್ಕೆ ತಕರಾರಿಲ್ಲದ ಸಾಕ್ಷಿ ಸಿಕ್ಕಿದ್ದು 1982ರಲ್ಲಿ, ಸಾಲ್ಮನ್ನಿನಲ್ಲಿ ಅಲ್ಲ, ಮೊಜಾಂಬಿಕ್ ತಿಲಾಪಿಯದ ಕಿವಿರುಮುಚ್ಚಳದ ಒಳಪದರದಲ್ಲಿ. 1952ರಲ್ಲಿ ಭಾರತಕ್ಕೆ ಬಂದು, ಈಗ ನಮ್ಮ ಕೆರೆಗಳಲ್ಲಿ ‘ಜಿಲೇಬಿ’ ಅನ್ನಿಸಿಕೊಳ್ಳುವ ಮೀನು ಇದೇ ಬಳಗದ್ದು. ಸಂತೆಯಲ್ಲಿ ಅಗ್ಗವಾಗಿ ಸಿಗುವ ಈ ಮೀನಿಗೆ ಪ್ರಯೋಗಾಲಯದಲ್ಲಿ ದೊಡ್ಡ ಗೌರವವಿದೆ.

ಆದರೆ ಸಾಲ್ಮನ್ ಮರಿಯ ವಿಷಯದಲ್ಲಿ ಪಂಪುಗಳ ಸಂಖ್ಯೆಗಿಂತ ಅವು ಯಾವಾಗ ಜೋಡಣೆಯಾಗುತ್ತವೆ ಎಂಬುದೇ ನನಗೆ ದೊಡ್ಡ ಬೆರಗು. ಉಪ್ಪುನೀರಿಗೆ ಬಿದ್ದ ಮೇಲೆ ಮೈ ಒಗ್ಗಿಕೊಂಡರೆ ಅದು ಒಂದು ಮಾತು. ಇಲ್ಲಿ ಉಪ್ಪಿನ ಒಂದು ಹರಳನ್ನೂ ಕಾಣದ ಮರಿ, ಕಡಲಿನಿಂದ ನೂರಾರು ಕಿಲೋಮೀಟರ್ ಮೇಲಿನ ತೊರೆಯಲ್ಲಿದ್ದಾಗಲೇ ಕಿವಿರನ್ನು ಕಡಲಿಗೆ ಸಜ್ಜುಗೊಳಿಸುತ್ತದೆ. ಅದಕ್ಕೆ ಸೂಚನೆ ಕೊಡುವುದು ಹಗಲು. ಚಳಿಗಾಲ ಕಳೆದು ಹಗಲು ಉದ್ದವಾಗುತ್ತ ಬಂದಂತೆ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್, ಥೈರಾಕ್ಸಿನ್ ಏರುತ್ತವೆ. ಸಿಹಿನೀರಿನ ಬದುಕಿಗೆ ಬೇಕಾದ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಕಿವಿರಿನಲ್ಲಿ ಪಂಪು–ಕಿಣ್ವದ ಚಟುವಟಿಕೆ ಕೆಲವೇ ವಾರಗಳಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಪಂಪಿನಲ್ಲೂ ಎರಡು ಮಾದರಿಗಳಿವೆ, ಸಿಹಿನೀರಿನದು ಒಂದು, ಕಡಲಿನದು ಇನ್ನೊಂದು. ಮೊದಲನೆಯದು ಕಡಿಮೆಯಾಗುತ್ತ ಎರಡನೆಯದು ಹೆಚ್ಚುತ್ತ ಬರುತ್ತದೆ. ಬೆಳಕಿನ ಅವಧಿಯನ್ನು ಬದಲಾಯಿಸದೆ ಸಾಕಿದ ತೊಟ್ಟಿಗಳಲ್ಲೂ ಈ ಚಕ್ರ ತನ್ನ ಪಾಡಿಗೆ ತಿರುಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ಒಳಗೇ ಒಂದು ವಾರ್ಷಿಕ ಗಡಿಯಾರವಿದೆ. ಹಗಲಿನ ಉದ್ದ ಅದರ ಮುಳ್ಳನ್ನು ಸರಿಪಡಿಸುತ್ತದೆ, ಅಷ್ಟೆ.

ನದಿಯಲ್ಲಿರುವಾಗ ಈ ಮರಿಗೆ ‘ಪಾರ್’ ಎಂದು ಹೆಸರು. ಅಂಗೈಯಲ್ಲಿ ಹಿಡಿದರೆ ಪಕ್ಕೆಯುದ್ದಕ್ಕೂ ಎಂಟರಿಂದ ಹನ್ನೆರಡು ಕಪ್ಪು ಪಟ್ಟೆ, ಯಾರೋ ಮಸಿ ಬೆರಳಿನಿಂದ ಒತ್ತಿದಂಥ ಗುರುತು. ನಡುನಡುವೆ ಕೆಂಪು ಚುಕ್ಕೆ. ಪಾರ್ ಜಗಳಗಂಟಿ. ಒಂದು ಕಲ್ಲಿನ ಮರೆ ಹಿಡಿದು, ಹರಿವಿಗೆ ಎದುರಾಗಿ ನಿಂತು, ಹತ್ತಿರ ಬಂದವರನ್ನೆಲ್ಲ ಓಡಿಸುತ್ತದೆ. ವಸಂತದಲ್ಲಿ ಅದೇ ಮರಿಯ ಚರ್ಮದಲ್ಲಿ ಗ್ವಾನೀನ್ ಎಂಬ ವಸ್ತುವಿನ ಹರಳುಗಳು ಪದರ ಪದರವಾಗಿ ಕೂತು ಪಟ್ಟೆಗಳು ಮುಚ್ಚಿಹೋಗುತ್ತವೆ. ಮೈ ಬೆಳ್ಳಿಯಾಗುತ್ತದೆ, ರೆಕ್ಕೆಗಳ ಅಂಚು ಕಪ್ಪಾಗುತ್ತದೆ, ದೇಹ ತೆಳ್ಳಗೆ ನೀಳವಾಗುತ್ತದೆ. ಸಡಿಲವಾದ ಹುರುಪೆ ಮುಟ್ಟಿದರೆ ಕೈಗೆ ಅಂಟಿಕೊಳ್ಳುತ್ತದೆ. ಇನ್ನು ಮೇಲೆ ಅದು ‘ಸ್ಮೋಲ್ಟ್’. ಕಣ್ಣೂ ಬದಲಾಗುತ್ತದೆ: ನದಿಯ ಕಂದು ನೀರಿಗೆ ಹೊಂದುವ, ಕೆಂಪಿನ ಕಡೆ ವಾಲಿದ ದೃಷ್ಟಿವರ್ಣಕದ ಜಾಗಕ್ಕೆ ನೀಲಿ ಬೆಳಕಿಗೆ ಹೊಂದುವ ವರ್ಣಕ ಬರುತ್ತದೆ. ಹುಟ್ಟೂರಿನ ನೀರಿನ ವಾಸನೆ ನೆನಪಿನಲ್ಲಿ ಅಚ್ಚೊತ್ತುವುದೂ ಈ ದಿನಗಳಲ್ಲೇ. ವರ್ಷಗಳ ನಂತರ ಮರಳಿ ಬರುವ ದಾರಿ ಅದು. ಜಗಳ ನಿಂತು ಗುಂಪು ಕಟ್ಟುವುದು ಶುರುವಾಗುತ್ತದೆ. ನೀರು 10 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಬಂದ ಇರುಳುಗಳಲ್ಲಿ ಗುಂಪುಗಳು ಹೊರಡುತ್ತವೆ, ಎಷ್ಟೋ ಸಲ ಬಾಲ ಮುಂದಾಗಿ. ತಲೆ ಇನ್ನೂ ಹುಟ್ಟೂರಿನ ಕಡೆಗೇ ಇರುತ್ತದೆ, ಹರಿವು ಹಿಂದಕ್ಕೆ ಒಯ್ಯುತ್ತದೆ.

ಎಲ್ಲ ಪಾರ್‌ಗಳೂ ಹೋಗುವುದಿಲ್ಲ ಅನ್ನಿ. ಶರತ್ಕಾಲದ ಹೊತ್ತಿಗೆ ಸಾಕಷ್ಟು ಬೆಳೆಯದವು ಇನ್ನೊಂದು ವರ್ಷ ಕಾಯುತ್ತವೆ. ಕೆಲವು ಗಂಡುಗಳು ಬೆರಳುದ್ದ ಇರುವಾಗಲೇ ಪ್ರಾಯಕ್ಕೆ ಬಂದು, ಕಡಲಿನಿಂದ ಮರಳಿದ ಹೆಣ್ಣು ಮೊಟ್ಟೆಯಿಡುವಾಗ ದೊಡ್ಡ ಗಂಡುಗಳ ಕಣ್ಣು ತಪ್ಪಿಸಿ ಒಳನುಗ್ಗಿ ತಮ್ಮ ವಂಶ ಬೆಳೆಸಿಕೊಳ್ಳುತ್ತವೆ. ಉಪ್ಪಿನ ಗೊಡವೆಯೇ ಬೇಡ.

ಹೊರಟವುಗಳ ಲೆಕ್ಕ ಮಾತ್ರ ಕಠಿಣ. ಹೆಣ್ಣು ಸಾಲ್ಮನ್ ತನ್ನ ತೂಕದ ಪ್ರತಿ ಕಿಲೋಗೆ ಒಂದೂವರೆ ಸಾವಿರದಷ್ಟು ಮೊಟ್ಟೆ ಇಡುತ್ತದೆ. ಐದು ಕಿಲೋದ ತಾಯಿಯಿಂದ ಏಳೂವರೆ ಸಾವಿರ. ನೂರರಲ್ಲಿ ಒಂದು ಮೊಟ್ಟೆ ಸ್ಮೋಲ್ಟ್ ಆಗುತ್ತದೆ ಎಂದು ಹಿಡಿದರೆ 75 ಉಳಿದವು. ಇಂದು ಅಟ್ಲಾಂಟಿಕ್‌ನ ಅನೇಕ ನದಿಗಳಲ್ಲಿ ಕಡಲಿಗಿಳಿದ ನೂರು ಸ್ಮೋಲ್ಟ್‌ಗಳಲ್ಲಿ ಐದಕ್ಕಿಂತ ಕಡಿಮೆ ಮರಳುತ್ತವೆ. ಅಂದರೆ ಏಳೂವರೆ ಸಾವಿರ ಮೊಟ್ಟೆಗೆ ಮೂರೋ ನಾಲ್ಕೋ ಮೀನು. ಮರಳಿದವು ಹೊರಟಾಗಿನ ತೂಕದ ನೂರು, ಇನ್ನೂರು ಪಟ್ಟು ತೂಗುತ್ತವೆ, ಕೆಲವು ಪಶ್ಚಿಮ ಗ್ರೀನ್‌ಲ್ಯಾಂಡಿನ ತೀರದವರೆಗೆ ಹೋಗಿ ಬಂದಿರುತ್ತವೆ.

ಪೆಸಿಫಿಕ್ ಕಡೆಯ ಸಂಖ್ಯೆಗಳು ಇನ್ನೂ ಹುಚ್ಚು ಹಿಡಿಸುವಂಥವು. ಅಮೆರಿಕದ ಐಡಾಹೊದಲ್ಲಿರುವ ರೆಡ್‌ಫಿಶ್ ಸರೋವರ ಕಡಲ ಮಟ್ಟಕ್ಕಿಂತ ಸುಮಾರು 2000 ಮೀಟರ್ ಎತ್ತರದಲ್ಲಿದೆ, ಕಡಲಿನಿಂದ ಸುಮಾರು 1450 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿನ ಸಾಕೈ ಸಾಲ್ಮನ್ ಮರಿ ಎಂಟು ಅಣೆಕಟ್ಟು ದಾಟಿ ಬರಬೇಕು. ಉಪ್ಪಿಗೆ ಸಿದ್ಧವಾದ ಕಿವಿರು ಹೊತ್ತು ಅಷ್ಟು ದೂರ ಸಿಹಿನೀರಿನಲ್ಲೇ ಸಾಗಬೇಕು. 1992ರಲ್ಲಿ ಆ ಸರೋವರಕ್ಕೆ ಮರಳಿದ ಸಾಕೈ ಒಂದೇ ಒಂದು, ಅದೂ ಗಂಡು. ಕೆನಡಾದ ಫ್ರೇಸರ್ ನದಿಗೆ 2009ರಲ್ಲಿ ಒಂದು ಕೋಟಿಗೂ ಹೆಚ್ಚು ಸಾಕೈ ಬರುತ್ತವೆ ಎಂದು ಅಂದಾಜಿಸಿದ್ದರು, ಬಂದದ್ದು 15 ಲಕ್ಷದ ಆಸುಪಾಸು. ಸರ್ಕಾರ ತನಿಖಾ ಆಯೋಗವನ್ನೇ ಕೂರಿಸಿತು. ಮರುವರ್ಷ ಬಂದವು ಎರಡೂಮುಕ್ಕಾಲು ಕೋಟಿಗೂ ಮೀರಿ! ಮೊದಲ ತಂಡದ ಬಹುಪಾಲು ಮರಿಗಳು ಕಡಲಿಗಿಳಿದದ್ದು 2007ರ ವಸಂತದಲ್ಲಿ, ಎರಡನೆಯದು 2008ರಲ್ಲಿ. ಆಯೋಗಕ್ಕೆ ಒಂಟಿ ಅಪರಾಧಿ ಯಾರೂ ಸಿಗಲಿಲ್ಲ. ಉತ್ತರ ಪೆಸಿಫಿಕ್‌ನಲ್ಲಿ 1990ರಿಂದ 2015ರವರೆಗೆ ಪಿಂಕ್, ಚಮ್, ಸಾಕೈ ಮೂರೂ ಸೇರಿ ಬೆಳೆದ ಸಾಲ್ಮನ್‌ಗಳ ಸರಾಸರಿ ವರ್ಷಕ್ಕೆ ಸುಮಾರು 66 ಕೋಟಿ ಎಂದು ಲೆಕ್ಕ ಹಾಕಿದ್ದಾರೆ. ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ಪಿಂಕ್. ಪಿಂಕ್ ಮರಿಗೆ ಪಾರ್ ದೆಸೆಯೇ ಇಲ್ಲವೆನ್ನಬಹುದು. ಜಲ್ಲಿಯ ಗೂಡಿನಿಂದ ಎದ್ದು ನೇರ ಕಡಲಿಗೆ. ಆಗ ಅದರ ಉದ್ದ 3 ಸೆಂಟಿಮೀಟರ್, ತೂಕ ಒಂದು ಗ್ರಾಮಿನ ಕಾಲು ಭಾಗ. ಅಷ್ಟು ಸಣ್ಣ ಮೈಯಲ್ಲೂ ಉಪ್ಪಿನ ಪಂಪುಗಳು ಆಗಲೇ ನಡೆಯುತ್ತಿರುತ್ತವೆ.

ಅಟ್ಲಾಂಟಿಕ್ ಸ್ಮೋಲ್ಟ್‌ಗೆ ಸಿಗುವ ಸಮಯ ಕೆಲವೇ ವಾರ. ಆ ಅವಧಿಯೊಳಗೆ ಕಡಲು ಮುಟ್ಟದೆ ಸಿಹಿನೀರಿನಲ್ಲೇ ಉಳಿದರೆ ಕಿವಿರು ಮತ್ತೆ ಹಳೆಯ ಸ್ಥಿತಿಗೆ ಮರಳುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ. ವರ್ಷಕ್ಕೆ 30 ಕೋಟಿಗೂ ಹೆಚ್ಚು ಸ್ಮೋಲ್ಟ್‌ಗಳನ್ನು ಸಮುದ್ರದ ಪಂಜರಗಳಿಗೆ ಬಿಡುವ ನಾರ್ವೆಯ ಮೀನು ಸಾಕಣೆಗಾರರಿಗೆ ಇದು ರೊಕ್ಕದ ಪ್ರಶ್ನೆ. ಅವರು ತೊಟ್ಟಿಗಳಲ್ಲಿ ದೀಪ ಆರಿಸಿ ಸುಮಾರು ಆರು ವಾರದ ಸುಳ್ಳು ಚಳಿಗಾಲ ತರುತ್ತಾರೆ, ಆಮೇಲೆ ಇಪ್ಪತ್ತನಾಲ್ಕು ಗಂಟೆ ಬೆಳಕು ಬಿಟ್ಟು ವಸಂತವನ್ನು ಕರೆಯುತ್ತಾರೆ. ಮರಿಗಳು ತಯಾರಾದವೇ ಎಂದು ತಿಳಿಯಲು ಕೆಲವನ್ನು ಒಂದು ದಿನ ಪೂರ್ಣ ಉಪ್ಪುನೀರಿನಲ್ಲಿಟ್ಟು ರಕ್ತ ತೆಗೆಯುವ ಪದ್ಧತಿಯಿದೆ. ಸೋಡಿಯಂ ಲೀಟರಿಗೆ 170 ಮಿಲಿಮೋಲ್‌ನ ಒಳಗಿದ್ದರೆ ಪಾಸು. ಆ ಗೆರೆ ದಾಟಿ ಏರುತ್ತಿದ್ದರೆ ಆ ತಂಡವನ್ನು ಕಡಲಿಗೆ ಬಿಡುವುದೆಂದರೆ ಕಣ್ಣಾರೆ ಕೊಲ್ಲುವುದು. ನೀರಿನ ನಡುವೆಯೇ ಒಣಗಿ ಸಾಯುತ್ತವೆ.

ಕಾಡುನದಿಗಳಲ್ಲಿ ಈ ಪರೀಕ್ಷೆ ಮಾಡುವವರಿಲ್ಲ. ಕಳೆದ ಶತಮಾನದಲ್ಲಿ ಯುರೋಪಿನ ಕಾರ್ಖಾನೆಗಳ ಹೊಗೆ ಆಮ್ಲಮಳೆಯಾಗಿ ದಕ್ಷಿಣ ನಾರ್ವೆಯ ಮೇಲೆ ಸುರಿಯಿತು. ಮಣ್ಣಿನಿಂದ ಕರಗಿ ಬಂದ ಅಲ್ಯೂಮಿನಿಯಂ ಮರಿಗಳ ಕಿವಿರಿಗೆ ಅಂಟಿ ಕೂತಿತು. ಮೊಟ್ಟೆ, ಪುಟ್ಟ ಮರಿಗಳು ಸತ್ತ ನದಿಗಳ ಕಥೆ ಒಂದು ಕಡೆ. ಅಷ್ಟೇನೂ ಆಮ್ಲೀಯವಲ್ಲದ, ಮೀನು ಚೆನ್ನಾಗಿಯೇ ಇವೆ ಎಂದು ಕಾಣುವ ನದಿಗಳಲ್ಲೂ ಸ್ಮೋಲ್ಟ್‌ಗಳ ಪಂಪು ಕೆಟ್ಟಿತ್ತು. ನದಿಯಲ್ಲಿದ್ದಾಗ ರೋಗದ ಚಿಹ್ನೆ ಇಲ್ಲ, ಸಾವು ಕಡಲಿನಲ್ಲಿ. ಇದಕ್ಕೆ ನಾರ್ವೆಯವರು ಹುಡುಕಿದ ಪರಿಹಾರ ಹಳ್ಳಿಯ ಯಾರಿಗೂ ಅರ್ಥವಾಗುವಂಥದ್ದು: ನದಿಗೆ ಸುಣ್ಣದ ಕಲ್ಲಿನ ಪುಡಿ ಸುರಿಯುವುದು. ದಂಡೆಯಲ್ಲಿ ಗೋಪುರದಂಥ ಡಬ್ಬಿ ನಿಲ್ಲಿಸಿ, ಹರಿವಿಗೆ ತಕ್ಕಷ್ಟು ಪುಡಿ ಬೀಳುವ ಹಾಗೆ ಯಂತ್ರ ಕೂರಿಸಿದರು. ಹಲವು ನದಿಗಳಿಗೆ ಸಾಲ್ಮನ್ ಮರಳಿತು.

ಹೀಗೆ ಸುಣ್ಣ ಹಾಕಿಸಿಕೊಂಡು ಕಡಲು ಸೇರಿದ ಮರಿ ಅಲ್ಲಿ ತಾನೇ ಸುಣ್ಣ ತಯಾರಿಸಲು ಶುರುಮಾಡುತ್ತದೆ. ಕುಡಿದ ನೀರಿನಿಂದ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಂಡಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಂದೆ ಉಳಿಯುತ್ತವೆ. ಕರುಳು ಬೈಕಾರ್ಬೊನೇಟ್ ಸುರಿದು ಕ್ಯಾಲ್ಸಿಯಂ ಅನ್ನು ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದ ಕಲ್ಲಿನ ವಸ್ತುವಾಗಿ ಹೆಪ್ಪುಗಟ್ಟಿಸುತ್ತದೆ. ಹಾಗೆ ಹೆಪ್ಪುಗಟ್ಟಿದರೆ ದ್ರವ ತೆಳುವಾಗಿ ಇನ್ನಷ್ಟು ನೀರು ಮೈಗೆ ದಕ್ಕುತ್ತದೆ. ಬಿಳಿಯ ಸಣ್ಣ ಚೂರುಗಳು ಹೊರಗೆ ಬೀಳುತ್ತವೆ. ಬಂಗುಡೆ, ಬೂತಾಯಿ, ಅಂಜಲ್‌ನಂಥ ಮೂಳೆಮೀನುಗಳೆಲ್ಲ ಮಾಡುವುದೂ ಇದನ್ನೇ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಜಗತ್ತಿನ ಸಾಗರಗಳಲ್ಲಿ ವರ್ಷ ವರ್ಷವೂ ಹೊಸದಾಗಿ ತಯಾರಾಗುವ ಕಾರ್ಬೊನೇಟ್‌ನಲ್ಲಿ ಶೇ. 3ರಿಂದ 15ರಷ್ಟು ಹೀಗೆ ಬಾಯಾರಿದ ಮೀನುಗಳ ಕರುಳಿನಿಂದಲೇ ಬರುತ್ತದೆ.